ಸೊಮ್ಯಾಟಿಕ್ ಸೆಲ್ ಕೌಂಟ್: ದೊಡ್ಡ ಅಂಕಿಗಳನ್ನು ತೆಗೆಯಬೇಡಿ

ಹಸುಗಳ ಕೆಚ್ಚಲು ಬಾವಿನ ಪ್ರಬಂಧಕ್ಕಾಗಿ ಸೊಮ್ಯಾಟಿಕ್ ಸೆಲ್ ಕೌಂಟ್ (ಹಾಲಿನಲ್ಲಿ ಸಿಗುವ ಹಸುವಿನ ದೇಹದ ಜೀವಕೋಶಗಳ ಎಣಿಕೆ) ಗ್ರಾಫ್ ಹಾಕಿದರೆ ಬಲಕ್ಕೆ ವಾಲುತ್ತಿದೆ, ದೊಡ್ಡ ಅಂಕಿಗಳನ್ನು ತೆಗೆಯಲೇ ಅಂತ ಕೇಳಿದ್ದೀರಿ. ನಿಮ್ಮ ಗ್ರಾಫ್ ಬಲಕ್ಕೆ ವಾಲಿರುವುದು, ಅಂದರೆ ಕೆಲವೇ ದೊಡ್ಡ ಅಂಕಿಗಳು ಬಲಗಡೆ ಉದ್ದ ಬಾಲದಂತೆ ಚಾಚಿರುವುದು, ಡೇಟಾ ತಪ್ಪಿನಿಂದಲ್ಲ, ಸೆಲ್ ಕೌಂಟ್ ಇರುವುದೇ ಹಾಗೆ. ಆರೋಗ್ಯವಾಗಿರುವ ಹಸುವಿನಲ್ಲಿ ಒಂದು ಮಿಲಿ ಹಾಲಿಗೆ ಸಾಮಾನ್ಯವಾಗಿ ಲಕ್ಷದೊಳಗೆ ಇರುತ್ತದೆ, ಕೆಚ್ಚಲು ಬಾವು ಬಂದರೆ ಹತ್ತಾರು ಲಕ್ಷಕ್ಕೂ ಏರಬಹುದು. ನೀವು ಔಟ್‌ಲೈಯರ್ (ಉಳಿದವುಗಳಿಂದ ತೀರಾ ದೂರ ಇರುವ ಅಂಕಿ) ಅಂತ ತೆಗೆಯಲು ಹೊರಟಿರುವುದು ರೋಗದ ಹಸುಗಳನ್ನೇ, ಅಲ್ವಾ? ಪ್ರಬಂಧ ಇರುವುದೇ ಅವುಗಳ ಬಗ್ಗೆ.

ಮೊದಲು ಯೂನಿಟ್ ನೋಡಿ. ಶೀಟಿನಲ್ಲಿ 250 ಅಂತಿದ್ದರೆ ಅದು ಬಹುಶಃ 250 ಸಾವಿರ. ಕರು ಹಾಕಿದ ಮೊದಲ ಐದು ದಿನದ ಸ್ಯಾಂಪಲ್ ಬಿಡಿ, ಗಿಣ್ಣುಹಾಲಿನಲ್ಲಿ ಕೌಂಟ್ ಹೇಗೂ ಜಾಸ್ತಿ. ಆಮೇಲೆ ಈ ವಾಲುವಿಕೆ ತಗ್ಗಿಸಲು ಕೌಂಟನ್ನು 1,00,000ದಿಂದ ಭಾಗಿಸಿ, ಬೇಸ್ 2ರ ಲಾಗ್ ತೆಗೆದು, 3 ಕೂಡಿಸಿ. ಒಂದು ಲಕ್ಷಕ್ಕೆ 3, ಎರಡು ಲಕ್ಷಕ್ಕೆ 4, ನಾಲ್ಕು ಲಕ್ಷಕ್ಕೆ 5 ಬಂದರೆ ಫಾರ್ಮುಲಾ ಸರಿಯಿದೆ. ಸೊನ್ನೆಗೆ ಲಾಗ್ ಇಲ್ಲ. ಅಂಥ ಸಾಲುಗಳು ಅಳತೆಯೇ ಆಗದ ಸ್ಯಾಂಪಲ್ ಇರಬಹುದು, ಸುಮ್ನೆ ಅಳಿಸದೆ ಲ್ಯಾಬ್‌ನಲ್ಲಿ ಕೇಳಿ.

ಒಂದೇ ಹಸುವಿನಿಂದ ತಿಂಗಳು ತಿಂಗಳು ಹಾಲು ತೆಗೆದಿದ್ದೀರಿ. ಹಾಗಾಗಿ ಮಾಡೆಲ್‌ನಲ್ಲಿ ಹಸುವನ್ನು ರ‍್ಯಾಂಡಮ್ ಎಫೆಕ್ಟ್ ಆಗಿ (ಒಂದೇ ಹಸುವಿನ ಅಂಕಿಗಳು ಒಂದಕ್ಕೊಂದು ಹೋಲುತ್ತವೆ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವ ಭಾಗ) ಸೇರಿಸಿ. ಎಷ್ಟನೇ ಸೂಲು, ಕರು ಹಾಕಿ ಎಷ್ಟು ದಿನ, ಎರಡೂ ಇರಲಿ. ರೆಸಿಡ್ಯುಯಲ್ ಪ್ಲಾಟ್ (ನಿಜವಾದ ಅಂಕಿಗೂ ಮಾಡೆಲ್ ಅಂದಾಜಿಗೂ ಇರುವ ವ್ಯತ್ಯಾಸದ ಗ್ರಾಫ್) ಆಗಲೂ ವಾಲಿದ್ದರೆ, ಕೌಂಟ್ 2 ಲಕ್ಷದ ಗಡಿ ದಾಟಿದೆಯೇ ಅಂತ ಹೌದು-ಇಲ್ಲ ಆಗಿ ವಿಂಗಡಿಸಿ ಲಾಜಿಸ್ಟಿಕ್ ಮಾಡೆಲ್ (ಹೌದು-ಇಲ್ಲ ಉತ್ತರಗಳಿಗೆ ಬಳಸುವ ಮಾಡೆಲ್) ಓಡಿಸಿ.