ಮರೆವಿನ ಕಾಯಿಲೆಯವರ ಸೊಂಟ ಮುರಿದಾಗ

ಪ್ರಶ್ನೆ: ನಮ್ಮತ್ತೆಗೆ 82 ವರ್ಷ, ನಾಲ್ಕು ವರ್ಷದಿಂದ ಡಿಮೆನ್ಷಿಯಾ. ನಿನ್ನೆವರೆಗೆ ಮನೆಯೊಳಗೆ ಓಡಾಡಿಕೊಂಡಿದ್ದರು. ಬಚ್ಚಲಲ್ಲಿ ಜಾರಿಬಿದ್ದು, ಸೊಂಟದ ಕೀಲಿನ ಹತ್ತಿರ, ತೊಡೆಮೂಳೆಯ ಕತ್ತು ಮುರಿದಿದೆ. ಡಾಕ್ಟರು ಆಪರೇಷನ್ ಅನ್ನುತ್ತಾರೆ, ನೆಂಟರು ಈ ವಯಸ್ಸಿಗೆ ಬೇಡ ಅನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಶಿರಸಿ

ಉತ್ತರ: ಮಾಡಿಸಿ. ಹೃದಯ, ಶ್ವಾಸಕೋಶ ತಾಳುವಂತಿದ್ದರೆ 36ರಿಂದ 48 ಗಂಟೆಯೊಳಗೇ ಆಗಲಿ. ಸುಮ್ಮನೆ ಮಲಗಿಸಿಟ್ಟರೆ ಮಗ್ಗುಲು ಹೊರಳಿಸುವಾಗ, ಡಯಾಪರ್ ಬದಲಿಸುವಾಗ, ಪ್ರತಿ ಸಲವೂ ಮುರಿದ ತುದಿಗಳು ಅಲುಗಾಡಿ ಜೀವ ಹಿಂಡುತ್ತವೆ. ‘ನೋಯುತ್ತದೆ’ ಎಂದು ಹೇಳಲೂ ಬಾರದವರಿಗೆ ಇದು ಘೋರ ಹಿಂಸೆ. ಹಿಂದೆಯೇ ಹಾಸಿಗೆ ಹುಣ್ಣು, ನ್ಯುಮೋನಿಯಾ ಬರುತ್ತವೆ. ಮೊದಲೇ ಹಾಸಿಗೆ ಹಿಡಿದು ಕೊನೆಯ ದಿನಗಳಲ್ಲಿರುವವರಿಗೆ ಮಾತ್ರ ಆಪರೇಷನ್ ಬಿಟ್ಟು ನೋವಿಗಷ್ಟೇ ಚಿಕಿತ್ಸೆ ಕೊಡುವುದುಂಟು.

ಸೊಂಟ ಮುರಿದ ವೃದ್ಧರಲ್ಲಿ ಸುಮಾರು ನಾಲ್ಕೈದು ಮಂದಿಗೊಬ್ಬರು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಡಿಮೆನ್ಷಿಯಾ ಇದ್ದರೆ ಇನ್ನೂ ಹೆಚ್ಚು. ಉಳಿದವರಲ್ಲೂ ಹಲವರಿಗೆ ಮೊದಲಿನ ನಡಿಗೆ ಮರಳುವುದಿಲ್ಲ. ನೋವಿಲ್ಲದೆ ಕೂರುವಂತಾಗಿ, ವಾಕರ್ ಹಿಡಿದು ಕಮೋಡಿನವರೆಗೆ ಹೋಗುವಂತಾದರೆ ಆಪರೇಷನ್ ಸಾರ್ಥಕ ಎಂದುಕೊಳ್ಳಿ.

ತೊಡೆಮೂಳೆಯ ಕತ್ತು ಮುರಿದು ಜಾಗ ತಪ್ಪಿದ್ದರೆ ಮೂಳೆಯ ಮೇಲ್ತುದಿಯ ಚೆಂಡು ತೆಗೆದು ಲೋಹದ್ದನ್ನು ಕೂರಿಸುತ್ತಾರೆ. ಹಿಂಬದಿಯಿಂದ ಕೊಯ್ದರೆ ಆ ಚೆಂಡು ಕೀಲು ತಪ್ಪುವ ಭಯ ಹೆಚ್ಚು. ಕುಕ್ಕರಗಾಲಲ್ಲಿ ಕೂರಬೇಡಿ ಎಂದರೆ ಇವರಿಗೆ ಐದು ನಿಮಿಷವೂ ನೆನಪಿರುವುದಿಲ್ಲ. ಪಕ್ಕದಿಂದ ಕೊಯ್ಯಲು ಸಾಧ್ಯವೇ ಎಂದು ಸರ್ಜನ್‌ರನ್ನು ಮೊದಲೇ ಕೇಳಿ. ಮನೆಯಲ್ಲಿ ಮಣೆ, ತಗ್ಗಿನ ಸ್ಟೂಲು ಎತ್ತಿಡಿ; ಕಮೋಡ್ ಕುರ್ಚಿ ತನ್ನಿ.

ಮರುದಿನವೇ ಎಬ್ಬಿಸಿ ನಿಲ್ಲಿಸಬೇಕು. ‘ಬಲಗಾಲು ಮುಂದಿಡಿ, ಭಾರ ಕೈಗೆ ಕೊಡಿ’ ಎಂದರೆ ಅವರಿಗೆ ಗೊಂದಲ. ‘ಬನ್ನಿ, ಊಟಕ್ಕೆ ಹೋಗೋಣ’ ಎಂದು ಕೈ ಚಾಚಿ ನೋಡಿ, ಎಷ್ಟೋ ಸಲ ಕಾಲು ತಾನಾಗಿ ಮುಂದೆ ಬರುತ್ತದೆ. ಜೀವಮಾನವಿಡೀ ಮಾಡಿದ ರೂಢಿ ನೆನಪಿಗಿಂತ ತಡವಾಗಿ ಅಳಿಯುತ್ತದೆ. ಗಂಜಿಯನ್ನೂ ಮಲಗಿಸಿ ಕುಡಿಸಬೇಡಿ. ನೆಟ್ಟಗೆ ಕೂರಿಸಿ, ಊಟವಾದ ಮೇಲೂ ಅರ್ಧ ಗಂಟೆ ಹಾಗೇ ಇರಲಿ.

ಪ್ರಶ್ನೆ: ಸೊಂಟದ ಆಪರೇಷನ್ ಆದ ಎರಡನೇ ರಾತ್ರಿಯಿಂದ ಅಪ್ಪ ತೀರಿಹೋದವರನ್ನೆಲ್ಲ ಕರೆಯುತ್ತಾರೆ, ಡ್ರಿಪ್ ಕೀಳುತ್ತಾರೆ. ನರ್ಸುಗಳು ಕೈ ಕಟ್ಟಿದ್ದಾರೆ. ಮರೆವು ಇಷ್ಟು ಬೇಗ ಹೆಚ್ಚಿತೇ?
– ಓದುಗರೊಬ್ಬರು, ಹಾಸನ

ಉತ್ತರ: ಇದು ಮರೆವು ಹೆಚ್ಚಿದ್ದಲ್ಲ, ಬಹುಶಃ ಡೆಲಿರಿಯಂ, ಅಂದರೆ ಆಪರೇಷನ್, ಕಾಯಿಲೆಗಳ ಹೊಡೆತಕ್ಕೆ ದಿಢೀರನೆ ಬರುವ ಬುದ್ಧಿಯ ಗೊಂದಲ. ಹೆಚ್ಚಿನವರಲ್ಲಿ ಇಳಿಯುತ್ತದೆ, ಕೆಲವರಿಗೆ ವಾರಗಳೇ ಹಿಡಿಯುತ್ತವೆ. ಕೈ ಕಟ್ಟಿದರೆ ಗಾಬರಿ ಇಮ್ಮಡಿಸುತ್ತದೆ. ಬಿಚ್ಚಿಸಿ, ಮನೆಯವರೊಬ್ಬರು ಪಕ್ಕದಲ್ಲಿರಿ. ಕಾರಣ ಹುಡುಕಲು ಹೇಳಿ: ನೀರು ಸಾಲದಿರುವುದು, ಮೂತ್ರ ಕಟ್ಟಿರುವುದು, ಮಲಬದ್ಧತೆ, ಸೋಂಕು, ಸೋಡಿಯಂ ಇಳಿದಿರುವುದು, ನಿದ್ದೆಮಾತ್ರೆ. ಎಲ್ಲಕ್ಕಿಂತ ಮೊದಲು ನೋವು. ಹುಬ್ಬು ಗಂಟಿಕ್ಕಿದೆಯೇ, ಮುಷ್ಟಿ ಬಿಗಿದಿದೆಯೇ, ಮುಟ್ಟಿದರೆ ತಳ್ಳುತ್ತಾರೆಯೇ ನೋಡಿ. ಅವರು ಬಾಯಿಬಿಟ್ಟು ಕೇಳುವುದಿಲ್ಲ, ಆದ್ದರಿಂದ ಪ್ಯಾರಾಸಿಟಮಾಲ್ ಅನ್ನು ಗಂಟೆ ನೋಡಿ ಕೊಡುವಂತೆ ಡಾಕ್ಟರಿಂದ ಬರೆಸಿಕೊಳ್ಳಿ. ಕನ್ನಡಕ, ಕಿವಿಯ ಮೆಷಿನ್ ಮನೆಯಲ್ಲೇ ಉಳಿದಿದ್ದರೆ ಇವತ್ತೇ ತರಿಸಿ. ಮೂತ್ರದ ಕೊಳವೆ ಇನ್ನೂ ಬೇಕೇ ಎಂದು ದಿನವೂ ಕೇಳಿ. ಗದ್ದಲವಿಲ್ಲದೆ ಮಂಕಾಗಿ ಮಲಗಿದ್ದರೂ ಅದು ಡೆಲಿರಿಯಂ ಆಗಿರಬಹುದು, ‘ಈಗ ಸಮಾಧಾನವಾದರು’ ಎಂದು ಬಿಟ್ಟುಬಿಡಬೇಡಿ.