ಶರಣು ಬೇಡಿದ ಮೇಲೆ ನಲ್ಲಿ ನಿಲ್ಲಿಸಿ

ಶೈತಾನನ ಕಾಟ, ನಝರ್ (ಕೆಟ್ಟ ದೃಷ್ಟಿ), ತಾಯಿತ, ನಮಾಝ್‌ನಲ್ಲಿ ಬರುವ ಅನುಮಾನ. ಈ ಅಂಕಣಕ್ಕೆ ಬರುವ ಪತ್ರಗಳೆಲ್ಲ ಈ ನಾಲ್ಕರ ಸುತ್ತಲೇ ಸುತ್ತುತ್ತಿವೆ. ಹಿಂದೆ ಉತ್ತರಿಸಿದ್ದನ್ನೇ ಮತ್ತೆ ಕೇಳುತ್ತೀರಿ, ಅದೂ ಯಾವುದೋ ಬಾಬಾನ ಕೈಗೆ ದುಡ್ಡು ಕೊಟ್ಟು ಬಂದ ಮೇಲೆ. ಅದು ನೋವಿನ ಸಂಗತಿ. ರಕ್ಷಣೆಗೆ ಓದುವ ಆಯತುಲ್ ಕುರ್ಸಿ ಯಾವ ಸೂರಾದಲ್ಲಿದೆ (ಕುರ್‌ಆನ್ ಅಧ್ಯಾಯದಲ್ಲಿದೆ), ‘ಕುಲ್’ ಎಂದು ಶುರುವಾಗುವ ನಾಲ್ಕು ಸೂರಾ ಯಾವುವು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಮದರಸಾಗೆ ಹೋಗುವ ಮಕ್ಕಳನ್ನು ಕೇಳಿ.

ವುಝೂ (ನಮಾಝ್‌ಗೆ ಮುಂಚೆ ಕೈಕಾಲು ಮುಖ ತೊಳೆಯುವುದು) ಮಾಡಲು ನನಗೆ ಮುಕ್ಕಾಲು ಗಂಟೆ ಬೇಕು. ಮೊಣಕೈ ನೆನೆಯಿತೋ ಇಲ್ಲವೋ ಎಂದು ಮತ್ತೆ ಮತ್ತೆ ತೊಳೆಯುತ್ತೇನೆ. ನಿಯ್ಯತ್ (ಸಂಕಲ್ಪ) ಸರಿಯಾಗಲಿಲ್ಲ ಎನಿಸಿ ನಮಾಝ್ ಮುರಿದು ಮತ್ತೆ ಕಟ್ಟುತ್ತೇನೆ. ಅಲ್ಲಾಹನ ಬಗ್ಗೆ ಬಾಯಿಬಿಟ್ಟು ಹೇಳಲಾಗದ ಯೋಚನೆಗಳು ಬರುತ್ತವೆ. ದಿನಕ್ಕೆ ನೂರಾರು ಸಲ ಅಊಝು (ಅಲ್ಲಾಹನ ಶರಣು ಬೇಡುವ ಮಾತು) ಹೇಳಿದರೂ ಹೋಗುತ್ತಿಲ್ಲ. ಜಿನ್ ಹಿಡಿದಿದೆ ಎಂದು ಒಬ್ಬರು 11 ಸಾವಿರ ಕೇಳಿದ್ದಾರೆ. ಕೊಡಲೇ? (ಗುರಪ್ಪನಪಾಳ್ಯದ ಓದುಗರು)

ಕೊಡಬೇಡಿ. ಒಂದು ರೂಪಾಯಿಯನ್ನೂ ಕೊಡಬೇಡಿ.

ಮೊದಲು ಆ ಕೆಟ್ಟ ಯೋಚನೆಗಳ ವಿಷಯ, ಏಕೆಂದರೆ ನಿಮ್ಮನ್ನು ಹೆಚ್ಚು ಹೆದರಿಸಿರುವುದು ಅದೇ. ಪ್ರವಾದಿಯವರ ಸಂಗಾತಿಗಳಾದ ಸಹಾಬಿಗಳೇ ಪ್ರವಾದಿ (ಸ) ಅವರ ಬಳಿ ಬಂದು, ಹೇಳಿಕೊಳ್ಳಲೂ ಆಗದಂಥದ್ದು ಮನಸ್ಸಿಗೆ ಬರುತ್ತಿದೆ ಎಂದಿದ್ದರು. ‘ಅದೇ ಸ್ಪಷ್ಟ ಈಮಾನ್ (ವಿಶ್ವಾಸ)’ ಎಂಬ ಉತ್ತರ ಬಂತು. ಸಹೀಹ್ ಮುಸ್ಲಿಮ್‌ನಲ್ಲಿರುವ ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ಇದು. ಆ ಯೋಚನೆ ನಿಮಗೆ ಅಸಹ್ಯವೆನಿಸುತ್ತದಲ್ಲ, ಆ ಅಸಹ್ಯವೇ ಈಮಾನ್. ಬಾಯಲ್ಲಿ ಆಡದ, ಕೈಯಲ್ಲಿ ಮಾಡದ ಯೋಚನೆಗೆ ವಿಚಾರಣೆಯಿಲ್ಲ, ಅದಕ್ಕೆ ಕ್ಷಮೆಯಿದೆ. ಹಾಗಾಗಿ ಪ್ರತಿ ಯೋಚನೆಗೂ ಮತ್ತೆ ಕಲಿಮಾ (ವಿಶ್ವಾಸದ ವಚನ) ಓದಿ ಈಮಾನ್ ನವೀಕರಿಸುವ ಕೆಲಸ ಇವತ್ತೇ ನಿಲ್ಲಬೇಕು.

ಈಗ ತಪ್ಪು ಎಲ್ಲಾಗಿದೆ ನೋಡೋಣ. ‘ನಿನ್ನ ಪಾಲಕನನ್ನು ಸೃಷ್ಟಿಸಿದ್ದು ಯಾರು’ ಎಂದು ಶೈತಾನ ಕೇಳುವ ಹಂತ ಬಂದಾಗ ಏನು ಮಾಡಬೇಕೆಂದು ಪ್ರವಾದಿ (ಸ) ಹೇಳಿದ್ದು ಎರಡು ಮಾತು: ಅಲ್ಲಾಹನ ಶರಣು ಬೇಡಲಿ, ‘ವಲ್ ಯಂತಹಿ’, ಅಲ್ಲಿಗೇ ನಿಲ್ಲಿಸಲಿ. ಎಲ್ಲರೂ ಮೊದಲ ಮಾತನ್ನು ಹಿಡಿದು ಎರಡನೆಯದನ್ನು ಬಿಡುತ್ತಾರೆ. ನೀವು ಬಿಟ್ಟಿರುವುದೂ ಅದನ್ನೇ. ಅಊಝು ಒಮ್ಮೆ ಹೇಳಿ, ಮುಖ ತಿರುಗಿಸಿ, ಕೈಲಿದ್ದ ಕೆಲಸಕ್ಕೆ ಹೋಗಿ. ವಾದ ಮಾಡಬೇಡಿ. ಹೋಯಿತೇ ಎಂದು ಒಳಗೆ ಇಣುಕಿ ನೋಡಬೇಡಿ. ಮೊಣಕೈಯನ್ನು 20 ಸಲ ತೊಳೆಯುವುದೂ ಅಊಝುವನ್ನು 100 ಸಲ ಹೇಳುವುದೂ ನಿಮ್ಮ ವಿಷಯದಲ್ಲಿ ಒಂದೇ ಕಾಯಿಲೆ.

ವುಝೂಗೆ ನಲ್ಲಿಯ ಕೆಳಗೆ ಕೂರಬೇಡಿ. ಹರಿಯುವ ನೀರಿಗೆ ಕೊನೆಯಿಲ್ಲ, ಅನುಮಾನಕ್ಕೂ ಇರುವುದಿಲ್ಲ. ಪ್ರವಾದಿ (ಸ) ಒಂದು ಮುದ್ದ್ (ಹಳೆಯ ಅಳತೆ) ನೀರಿನಲ್ಲಿ ವುಝೂ ಮುಗಿಸುತ್ತಿದ್ದರು. ಸುಮಾರು ಮುಕ್ಕಾಲು ಲೀಟರ್. ಹನಫಿ ಪಂಥದವರ ದೊಡ್ಡ ಲೆಕ್ಕ ಹಿಡಿದರೂ ಹೆಚ್ಚುಕಡಿಮೆ ಒಂದು ಲೀಟರ್. ಒಂದು ಲೀಟರಿನ ಮಗ್ಗು ತುಂಬಿಕೊಳ್ಳಿ, ನಲ್ಲಿ ಬಿಗಿಯಾಗಿ ನಿಲ್ಲಿಸಿ. ಮುಖ, ಕೈ, ಕಾಲು ಹೆಚ್ಚೆಂದರೆ ಮೂರು ಸಲ. ಮೂರನ್ನು ಮೀರಿದವನು ತಪ್ಪು ಮಾಡಿದ, ಅತಿಕ್ರಮಿಸಿದ ಎಂದು ಹದೀಸ್‌ನಲ್ಲಿದೆ. ನಾಲ್ಕನೇ ಸಲ ತೊಳೆಯುವಾಗ ಭಕ್ತಿ ಹೆಚ್ಚುತ್ತಿದೆ ಎಂದುಕೊಂಡಿದ್ದರೆ ಇದನ್ನು ಇನ್ನೊಮ್ಮೆ ಓದಿ. ಎದ್ದು ಬಂದ ಮೇಲೆ ‘ಹಿಮ್ಮಡಿ ಒಣಗಿತ್ತೇನೋ’ ಎನಿಸಿದರೆ ಹಿಂತಿರುಗಬೇಡಿ. ಗಾಳಿ ಹೋಗಿ ವುಝೂ ಮುರಿಯಿತೇನೋ ಎಂಬ ಅನುಮಾನವಿದ್ದರೆ, ಶಬ್ದ ಕೇಳುವವರೆಗೆ ಅಥವಾ ವಾಸನೆ ಬರುವವರೆಗೆ ನಮಾಝ್ ಬಿಡಬೇಡಿ ಎಂಬುದು ಪ್ರವಾದಿಯವರ ಸ್ಪಷ್ಟ ಮಾತು.

ನಿಯ್ಯತ್ ಮನಸ್ಸಿನ ಕೆಲಸ. ಅಸರ್‌ಗೆಂದು ಎದ್ದು ಸಾಲಿನಲ್ಲಿ ನಿಂತಿರಿ, ನಿಯ್ಯತ್ ಆಯಿತು. ಬಾಯಲ್ಲಿ ಹೇಳದಿದ್ದರೂ ಆಯಿತು. ತಕ್ಬೀರ್ (ನಮಾಝ್ ಶುರು ಮಾಡುವ ‘ಅಲ್ಲಾಹು ಅಕ್ಬರ್’) ಒಂದೇ ಸಲ.

ನಮಾಝ್‌ನೊಳಗೆ ಗಲಿಬಿಲಿ ಮಾಡುವ ಶೈತಾನನ ಹೆಸರು ಖಿನ್‌ಝಬ್. ಉಸ್ಮಾನ್ ಬಿನ್ ಅಬಿಲ್ ಆಸ್ (ರ) ಎಂಬ ಸಹಾಬಿ ಈ ಕಾಟವನ್ನು ಪ್ರವಾದಿಯವರಿಗೆ ಹೇಳಿಕೊಂಡಾಗ, ಅಲ್ಲಾಹನ ಶರಣು ಬೇಡಿ ಎಡಕ್ಕೆ ಮೂರು ಸಲ ಉಗುಳಲು ಹೇಳಲಾಯಿತು. ಹಗುರವಾಗಿ, ಊದಿದಂತೆ. ಪಕ್ಕದಲ್ಲಿ ಜನ ನಿಂತಿರುವಾಗ ಮಾಡಬೇಡಿ, ಮನಸ್ಸಿನಲ್ಲೇ ಬೇಡಿಕೊಳ್ಳಿ. ರಕಅತ್ (ನಮಾಝ್‌ನ ಒಂದು ಸುತ್ತು) ಮೂರೋ ನಾಲ್ಕೋ ಎಂದಾದರೆ ಮನಸ್ಸು ವಾಲಿದ ಕಡೆಯನ್ನೇ ಹಿಡಿಯಿರಿ. ಎರಡೂ ಸಮವೆನಿಸಿದರೆ ಮೂರು ಎಂದಿಟ್ಟುಕೊಂಡು, ಅಲ್ಲಿ ಕೂತು ಅತ್ತಹಿಯ್ಯಾತ್ (ಕೂತು ಓದುವ ಪ್ರಾರ್ಥನೆ) ಓದಿ, ಎದ್ದು ಇನ್ನೊಂದು ರಕಅತ್ ಮುಗಿಸಿ, ಕೊನೆಗೆ ಸಜ್ದಾ ಸಹ್ವ್ (ಮರೆವಿಗಾಗಿ ಮಾಡುವ ಸಾಷ್ಟಾಂಗ) ಮಾಡಿ. ನಮಾಝ್ ಮುರಿಯುವುದು ನಿಮಗೆ ಇನ್ನು ಮುಂದೆ ಇಲ್ಲ.

ಇಷ್ಟಾದ ಮೇಲೂ ಒಂದು ಮಾತು. ನೀವು ಬರೆದಿರುವ ಲಕ್ಷಣಗಳು ಓಸಿಡಿ ಎಂಬ ಗೀಳು ಕಾಯಿಲೆಗೆ ತೀರ ಹತ್ತಿರ ಇವೆ. ನಿಮ್ಹಾನ್ಸ್ ನಿಮ್ಮ ಮನೆಗೆ ದೂರವಲ್ಲ, ಅಲ್ಲಿ ಇದಕ್ಕೆಂದೇ ಕ್ಲಿನಿಕ್ ಇದೆ. ಒಮ್ಮೆ ತೊಳೆದು, ಮತ್ತೆ ತೊಳೆಯಬೇಕೆಂಬ ಒತ್ತಡ ಏರಿ ತಾನಾಗಿ ಇಳಿಯುವವರೆಗೆ ಸುಮ್ಮನೆ ಕೂರುವ ಅಭ್ಯಾಸವನ್ನು ಅಲ್ಲಿ ಮಾಡಿಸುತ್ತಾರೆ. ‘ವಲ್ ಯಂತಹಿ’ಯನ್ನೇ ಕೈಹಿಡಿದು ಕಲಿಸಿದ ಹಾಗೆ. ಮಾತ್ರೆ ಕೊಟ್ಟರೆ ಗುಣ ಕಾಣಲು 6ರಿಂದ 12 ವಾರ ಬೇಕಾಗಬಹುದು, ಎರಡು ವಾರಕ್ಕೆ ಬಿಟ್ಟು ಬರಬೇಡಿ. ಚಿಕಿತ್ಸೆ ಮಾಡಿಸಿಕೊಳ್ಳಿ ಎಂದವರೂ ಪ್ರವಾದಿಯವರೇ (ಸ).

ಆ 11 ಸಾವಿರದವರು ನಿಮ್ಮ ತಾಯಿಯ ಹೆಸರು ಕೇಳಿದರೇ? ಬಳಸಿದ ಬಟ್ಟೆ, ಕಪ್ಪು ಕೋಳಿ ತರಲು ಹೇಳಿದರೇ? ಚೌಕಗಳಲ್ಲಿ ಅಂಕಿ ತುಂಬಿದ ಚೀಟಿ ಕೊಟ್ಟರೇ? ಹೆಣ್ಣುಮಕ್ಕಳನ್ನು ಒಬ್ಬರೇ ಒಳಗೆ ಬರಲಿ ಎಂದರೇ? ಮಾತ್ರೆ ನಿಲ್ಲಿಸಿ ಎಂದರೇ? ಇವುಗಳಲ್ಲಿ ಒಂದಿದ್ದರೂ ಅದು ರುಕ್ಯಾ ಅಲ್ಲ, ವಂಚನೆ ಅಥವಾ ಮಾಟ. ರುಕ್ಯಾ ಎಂದರೆ ಅರ್ಥವಾಗುವ ಕುರ್‌ಆನ್ ವಾಕ್ಯ ಮತ್ತು ದುಆವನ್ನು (ಪ್ರಾರ್ಥನೆಯನ್ನು) ಕೇಳುವಂತೆ ಓದಿ ಊದುವುದು. ಅದನ್ನು ನೀವೇ ಮಾಡಿಕೊಳ್ಳಬಹುದು. ಮಲಗುವಾಗ ಎರಡೂ ಅಂಗೈ ಜೋಡಿಸಿ, ಇಖ್ಲಾಸ್, ಫಲಕ್, ನಾಸ್ ಸೂರಾಗಳನ್ನು ಓದಿ ಊದಿ, ತಲೆ ಮತ್ತು ಮುಖದಿಂದ ಶುರು ಮಾಡಿ ಕೈ ಎಟಕುವಷ್ಟು ಮೈಗೆ ಸವರಿಕೊಳ್ಳಿ. ಮೂರು ಸಲ. ನೀವು ಮಾತ್ರ ಮೂರಕ್ಕೆ ನಿಲ್ಲಿಸಲೇಬೇಕು.

ರಾತ್ರಿ ಫೋನಿನಲ್ಲಿ ನೋಡಬಾರದ್ದನ್ನು ನೋಡುವ ಚಟ. ಯಾವ ದುಆ ಓದಲಿ? (ಟ್ಯಾನರಿ ರಸ್ತೆ)

ಮನೆಯೊಡತಿ ಬಾಗಿಲು ಮುಚ್ಚಿ ಪಾಪಕ್ಕೆ ಕರೆದಾಗ ಪ್ರವಾದಿ ಯೂಸುಫ್ (ಅ) ಅವರು ‘ಮಆಝಲ್ಲಾಹ್’ ಎಂದರು, ಅಲ್ಲಾಹನ ಶರಣು ಎಂದರು. ಎಂದವರು ಅಲ್ಲೇ ಕೂರಲಿಲ್ಲ, ಬಾಗಿಲಿನತ್ತ ಓಡಿದರು. ಆಕೆ ಹಿಡಿದೆಳೆದ ಅಂಗಿ ಹಿಂದಿನಿಂದ ಹರಿದದ್ದು ಅದಕ್ಕೇ. ನೀವು ಫೋನನ್ನು ದಿಂಬಿನ ಕೆಳಗಿಟ್ಟುಕೊಂಡು ದುಆ ಕೇಳುತ್ತಿದ್ದೀರಿ. ಚಾರ್ಜರನ್ನು ಹಾಲ್‌ಗೆ ಒಯ್ಯಿರಿ, ಇಶಾ (ರಾತ್ರಿಯ ನಮಾಝ್) ಆದ ಮೇಲೆ ಫೋನು ಅಲ್ಲೇ ಇರಲಿ. ಫಜರ್‌ಗೆ ಏಳಲು ಅಲಾರಂ ಗಡಿಯಾರ ಕೊಳ್ಳಿ.

ರಮಝಾನ್‌ನಲ್ಲಿ ಶೈತಾನರನ್ನು ಕಟ್ಟಿಹಾಕಿದ್ದರೂ ಪಾಪ ಏಕೆ ನಡೆಯುತ್ತದೆ?

ನಫ್ಸ್, ಅಂದರೆ ನಮ್ಮೊಳಗಿನ ಆಸೆ, ಎಲ್ಲಿಗೂ ಹೋಗಿಲ್ಲ. ಸೂರಾ ನಾಸ್‌ನ ಕೊನೆಯ ಸಾಲು ಪಿಸುಗುಡುವವರಲ್ಲಿ ಮನುಷ್ಯರನ್ನೂ ಸೇರಿಸುತ್ತದೆ.

ಮಗುವಿಗೆ ನಝರ್ ಆಗಿದೆ. ತಾಯಿತ ಕಟ್ಟಲೇ, ಮೆಣಸಿನಕಾಯಿ ನಿವಾಳಿಸಲೇ?

ನಝರ್ ನಿಜ, ಮೆಣಸಿನಕಾಯಿಯ ಘಾಟಿಗೂ ಅದಕ್ಕೂ ಸಂಬಂಧವಿಲ್ಲ. ಬರೀ ಕುರ್‌ಆನ್ ವಾಕ್ಯವಿರುವ ತಾಯಿತದ ಬಗ್ಗೆ ಉಲಮಾಗಳಲ್ಲಿ (ಧರ್ಮಪಂಡಿತರಲ್ಲಿ) ಭಿನ್ನಾಭಿಪ್ರಾಯವಿದೆ. ಒಳಗೆ ಏನು ಬರೆದಿದೆ ಎಂದು ನೀವು ಬಿಚ್ಚಿ ನೋಡುವುದಿಲ್ಲವಾದ್ದರಿಂದ ನಾನು ಬೇಡ ಎನ್ನುತ್ತೇನೆ. ಮೊಮ್ಮಕ್ಕಳಾದ ಹಸನ್, ಹುಸೈನ್‌ (ರ) ಅವರಿಗೆ ಪ್ರವಾದಿ (ಸ) ಓದುತ್ತಿದ್ದದ್ದನ್ನು ಓದಿ: ‘ಉಈಝುಕುಮಾ ಬಿಕಲಿಮಾತಿಲ್ಲಾಹಿತ್ತಾಮ್ಮಃ, ಮಿನ್ ಕುಲ್ಲಿ ಶೈತಾನಿನ್ ವ ಹಾಮ್ಮಃ, ವ ಮಿನ್ ಕುಲ್ಲಿ ಐನಿನ್ ಲಾಮ್ಮಃ’. ಎಲ್ಲ ಶೈತಾನ, ವಿಷಜಂತು, ಕೆಟ್ಟ ಕಣ್ಣಿನಿಂದ ನಿಮ್ಮಿಬ್ಬರಿಗೆ ಅಲ್ಲಾಹನ ಪರಿಪೂರ್ಣ ವಚನಗಳ ಶರಣು ಬೇಡುತ್ತೇನೆ ಎಂದರ್ಥ. ‘ಕುಮಾ’ ಇಬ್ಬರಿಗೆ. ಒಬ್ಬ ಮಗನಿಗೆ ‘ಉಈಝುಕ’, ಮಗಳಿಗೆ ‘ಉಈಝುಕಿ’. ಜ್ವರವಿದ್ದರೆ ಡಾಕ್ಟರಿಗೂ ತೋರಿಸಿ.

ಮುಟ್ಟಿನ ದಿನಗಳಲ್ಲಿ ಆಯತುಲ್ ಕುರ್ಸಿ ಓದಬಹುದೇ?

ರಕ್ಷಣೆಯ ದುಆ ಎಂಬ ನಿಯ್ಯತ್‌ನಲ್ಲಿ ಓದಬಹುದು, ಹನಫಿಗಳಲ್ಲೂ. ಆ ದಿನಗಳಲ್ಲಿ ರಕ್ಷಣೆಯಿಲ್ಲ ಎಂದು ಹೆದರಿಸುವವರ ಮಾತು ಕೇಳಬೇಡಿ.

ಶೈತಾನ ಬರದಿರಲೆಂದು ಅಂಗಡಿಯಲ್ಲಿ ಮೊಬೈಲಿನಲ್ಲಿ ಸೂರಾ ಬಖರಾ ಹಾಕಿಟ್ಟು ಹೊರಗೆ ಹೋದರೆ ಸಾಕೇ?

ಸಾಲದು. ನೀವು ಓದಿ.