ಸೋಪಿನ ಡಬ್ಬಿ, ಫ್ಯಾನು ಮತ್ತು ನಮ್ಮ ಶೆಡ್ಡಿನ ತೂತಿಲ್ಲದ ಪಿನ್ನು

ನೀವು ಕೇಳಿದ್ದು ಎರಡು ಪ್ರಶ್ನೆ. ಸೋಪಿನ ಕಾರ್ಖಾನೆಯಲ್ಲಿ ಖಾಲಿ ಡಬ್ಬಿಗಳನ್ನು ಪತ್ತೆಹಚ್ಚಲು ಎಂಜಿನಿಯರುಗಳು ಭಾರೀ ಬೆಲೆಯ ಎಕ್ಸ್‌ರೇ ಯಂತ್ರ ತರಿಸಿದರು, ಇನ್ನೊಂದು ಕಡೆ ಒಬ್ಬ ಸಾಮಾನ್ಯ ಕೆಲಸಗಾರ ಬೆಲ್ಟಿನ ಪಕ್ಕದಲ್ಲಿ ಫ್ಯಾನ್ ಇಟ್ಟು ಖಾಲಿ ಡಬ್ಬಿಗಳನ್ನು ಹಾರಿಸಿಬಿಟ್ಟ ಎಂಬ ಕತೆ ನಿಜವೇ? ಇಂಥ ಕಾಸು ಖರ್ಚಿಲ್ಲದ ಉಪಾಯಗಳನ್ನು ಕಾರ್ಖಾನೆಯೊಳಗೆ ಕಣ್ಣಾರೆ ಕಂಡವರು ಯಾರಾದರೂ ಇದ್ದಾರೆಯೇ?

ಮೊದಲನೆಯದನ್ನು ಬೇಗ ಮುಗಿಸುತ್ತೇನೆ. ಆ ಕತೆ ಒಮ್ಮೆ ಸೋಪಿನದು, ಮತ್ತೊಮ್ಮೆ ಟೂತ್‌ಪೇಸ್ಟಿನದು. ಒಮ್ಮೆ ಜಪಾನಿನದು, ಮತ್ತೊಮ್ಮೆ ಇನ್ನೆಲ್ಲಿಯದೋ. ಯಂತ್ರದ ಬೆಲೆಯಂತೂ ಹೇಳುವವರ ಬಾಯಿಗೆ ಬಂದಷ್ಟು. ಪಂಚತಂತ್ರದ ಮೊಲ ಸಿಂಹಗಳಂತೆ ಅದನ್ನು ಕೇಳಿ ಸಂತೋಷಪಡಬಹುದು. ನನ್ನ ತಕರಾರು ಬೇರೆ: ಡಬ್ಬಿಗಳು ಖಾಲಿಯಾಗಿ ಬರುತ್ತಿದ್ದುದು ಏಕೆ ಎಂದು ಆ ಕತೆಯಲ್ಲಿ ಯಾರೂ ಕೇಳುವುದಿಲ್ಲ. ಫ್ಯಾನ್ ಇಟ್ಟ ಜಾಣನೂ ಕೇಳುವುದಿಲ್ಲ.

ಎರಡನೆಯದಕ್ಕೆ ಉತ್ತರ, ಕಂಡಿದ್ದೇನೆ. ಕಂಡದ್ದರಲ್ಲಿ ನನ್ನದೇ ಒಂದು ತಪ್ಪೂ ಇದೆ, ಅದನ್ನೂ ಹೇಳುತ್ತೇನೆ.

ನಾನು ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುವವನು. ಐಟಿಐ ಓದು. ನಾವು ಮಾಡುವ ಜಾಬುಗಳಲ್ಲಿ ಒಂದು 12 ಮಿಲಿಮೀಟರ್ ವ್ಯಾಸದ ಉಕ್ಕಿನ ಪಿನ್ನು. ಅದರ ಒಂದು ತುದಿಯಲ್ಲಿ ಅಡ್ಡಲಾಗಿ 3.2 ಮಿಲಿಮೀಟರಿನ ತೂತು ಇರಬೇಕು, ಸ್ಪ್ಲಿಟ್ ಪಿನ್ ತೂರಿಸಿ ಕಿವಿ ಮಡಚುವುದಕ್ಕೆ. ಆ ತೂತಿಲ್ಲದಿದ್ದರೆ ಪಿನ್ನಿಗೆ ಗುಜರಿಯ ಬೆಲೆ. ಒಂದು ವರ್ಷ ನಮ್ಮ ಗಿರಾಕಿಯಿಂದ ಮೇಲಿಂದ ಮೇಲೆ ದೂರು ಬರತೊಡಗಿತು: ಸಾವಿರಕ್ಕೆ ಮೂರೋ ನಾಲ್ಕೋ ಪಿನ್ನುಗಳಲ್ಲಿ ತೂತಿಲ್ಲ, ಇಲ್ಲವೇ ಅರ್ಧ ಕೊರೆದು ನಿಂತಿದೆ. ಕಡೆಗೊಂದು ದಿನ ಇಡೀ ಲಾಟನ್ನು ತಡೆಹಿಡಿದು ಡೆಬಿಟ್ ನೋಟ್, ಅಂದರೆ ನಮ್ಮ ಹಣದಲ್ಲಿ ಕಡಿತದ ಚೀಟಿ, ಕಳಿಸಿದರು. ನಮ್ಮ ಇಬ್ಬರು ಹುಡುಗರು ಎರಡು ದಿನ ಅವರ ಗೋದಾಮಿನಲ್ಲಿ ಕುಳಿತು ಪಿನ್ನು ಆರಿಸಿದರು, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ.

ಮಾಲೀಕರು ಕ್ಯಾಮೆರಾ ಕಂಪನಿಯವರನ್ನು ಕರೆಸಿದರು. ಪ್ರತಿ ಪಿನ್ನಿನ ಚಿತ್ರ ತೆಗೆದು ತೂತಿದೆಯೋ ಇಲ್ಲವೋ ಹೇಳುವ ವ್ಯವಸ್ಥೆಗೆ ನಾಲ್ಕೂವರೆ ಲಕ್ಷದ ಕೊಟೇಶನ್ ಬಂತು. ಕ್ಯಾಮೆರಾ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಅರ್ಧ ಕೊರೆದ ತೂತೂ ಮೇಲಿನಿಂದ ನೋಡಿದರೆ ತೂತಿನಂತೆಯೇ ಕಾಣುತ್ತದೆ. ಹಿಂದಿನಿಂದ ಬೆಳಕು ಬಿಡಬೇಕು, ಪ್ರತಿ ಪಿನ್ನನ್ನೂ ಒಂದೇ ಕೋನಕ್ಕೆ ತಿರುಗಿಸಿ ನಿಲ್ಲಿಸಬೇಕು. ಹಾಗೆ ತಿರುಗಿಸಲು ಇನ್ನೊಂದು ಯಂತ್ರ ಬೇಕು.

ಈ ಚರ್ಚೆ ನಡೆಯುವಾಗ ಪ್ಯಾಕಿಂಗ್ ಮೇಜಿನಲ್ಲಿದ್ದ ಅಕ್ಕ ತಲೆ ಎತ್ತದೆ ಒಂದು ಮಾತು ಹೇಳಿದರು: "ತೂತು ನೋಡುವುದೇಕೆ? ಪೋಣಿಸಿದರೆ ಸಾಕಲ್ಲ." ಅವರ ಮನೆಯಲ್ಲಿ ಸಂಜೆ ಮಣಿ ಪೋಣಿಸುವ ಕೆಲಸ. ತೂತಿರುವ ಮಣಿ ದಾರಕ್ಕೆ ಬರುತ್ತದೆ, ತೂತಿಲ್ಲದ್ದು ಬರುವುದಿಲ್ಲ. ಐದು ನಿಮಿಷ ನಾವ್ಯಾರೂ ಮಾತಾಡಲಿಲ್ಲ.

ಶೆಡ್ಡಿನಲ್ಲಿ 2.5 ಮಿಲಿಮೀಟರಿನ ವೆಲ್ಡಿಂಗ್ ರಾಡುಗಳು ಬಿದ್ದಿದ್ದವು, ತೇವ ಹಿಡಿದು ಕೆಲಸಕ್ಕೆ ಬಾರದವು. ಮೇಲಿನ ಫ್ಲಕ್ಸ್ ಲೇಪವನ್ನು ತಟ್ಟಿ ಉದುರಿಸಿ, ಎಮರಿ ಕಾಗದದಲ್ಲಿ ಉಜ್ಜಿ, ಒಂದು ತುದಿಯನ್ನು ಕೊಕ್ಕೆಯ ಹಾಗೆ ಬಗ್ಗಿಸಿದೆ. ರಾಡಿನ ಉದ್ದ 350 ಮಿಲಿಮೀಟರ್. 12 ಮಿಲಿಮೀಟರಿನ ಪಿನ್ನುಗಳು 25 ಪೋಣಿಸಿದರೆ 300 ತುಂಬುತ್ತದೆ, ಉಳಿದದ್ದು ಕೊಕ್ಕೆಗೂ ಹಿಡಿಯಲಿಕ್ಕೂ. ನಾಲ್ಕು ಸರ ಒಂದು ಡಬ್ಬಿಗೆ, ಅಂದರೆ ಸರಿಯಾಗಿ ನೂರು. ಹಿಂದೆ ಎಣಿಕೆ ತಪ್ಪಿ ಜಗಳವಾಗುತ್ತಿತ್ತು, ಅದೂ ನಿಂತಿತು. ಅರ್ಧ ತೂತಿನ ಪಿನ್ನು ರಾಡಿಗೆ ಬರುವುದೇ ಇಲ್ಲ. ತೂತಿನಲ್ಲಿ ದಪ್ಪ ಬರ್, ಅಂದರೆ ಕೊರೆದಾಗ ಏಳುವ ಚೂಪು ಅಂಚು, ಉಳಿದಿದ್ದರೂ ಕೈಗೆ ತಡೆದು ಗೊತ್ತಾಗುತ್ತದೆ. ಖರ್ಚು ಒಂದು ಎಮರಿ ಹಾಳೆ. ಪೋಣಿಸುವ ಕೆಲಸಕ್ಕೆ ಹೆಚ್ಚಿನ ಸಮಯ ಹಿಡಿಯಿತೇ ಎಂದರೆ, ಮೊದಲ ವಾರ ಹಿಡಿಯಿತು. ಆಮೇಲೆ ಎಣಿಸುವ ಸಮಯ ಉಳಿದದ್ದರಿಂದ ಸರಿಹೋಯಿತು.

ಜಪಾನಿನ ಎಂಜಿನಿಯರ್ ಶಿಗೆಯೋ ಶಿಂಗೊ 1961ರಲ್ಲಿ ಯಮಾದಾ ಎಲೆಕ್ಟ್ರಿಕ್ ಎಂಬ ಕಾರ್ಖಾನೆಯಲ್ಲಿ ಮಾಡಿಸಿದ್ದೂ ಇದೇ ಜಾತಿಯದು. ಅಲ್ಲಿ ಒಂದು ಸಣ್ಣ ಸ್ವಿಚ್ಚಿಗೆ ಎರಡು ಸ್ಪ್ರಿಂಗ್ ಹಾಕಬೇಕು, ಕೆಲಸಗಾರರು ಒಮ್ಮೊಮ್ಮೆ ಒಂದನ್ನು ಮರೆಯುತ್ತಿದ್ದರು. ಶಿಂಗೊ ಹೇಳಿದ್ದು: ಮೊದಲು ಎರಡು ಸ್ಪ್ರಿಂಗ್ ತೆಗೆದು ಒಂದು ತಟ್ಟೆಯಲ್ಲಿಡಿ, ಆಮೇಲೆ ಜೋಡಿಸಿ. ತಟ್ಟೆಯಲ್ಲಿ ಒಂದು ಉಳಿದಿದ್ದರೆ ಮರೆತಿದ್ದೀರಿ ಎಂದರ್ಥ. ಇಂಥ ಉಪಾಯಕ್ಕೆ ಮೊದಲು ಅವರು ಇಟ್ಟ ಹೆಸರಿನ ಅರ್ಥ 'ದಡ್ಡರಿಂದ ರಕ್ಷಣೆ' ಎಂದಿತ್ತು. ಒಬ್ಬ ಕೆಲಸಗಾರ್ತಿ 'ನಾನೇನು ದಡ್ಡಿಯೇ' ಎಂದು ನೊಂದುಕೊಂಡ ಮೇಲೆ ಅದನ್ನು 'ಪೋಕಾ-ಯೋಕೆ' ಎಂದು ಬದಲಿಸಿದರು, ಅಂದರೆ ಕೈತಪ್ಪಿನಿಂದ ರಕ್ಷಣೆ. ನನಗೆ ಆ ತಟ್ಟೆಗಿಂತ ಈ ಹೆಸರು ಬದಲಿಸಿದ ಸಂಗತಿಯೇ ಹೆಚ್ಚು ಇಷ್ಟ.

ಇಲ್ಲಿಗೆ ನಿಲ್ಲಿಸಿದ್ದರೆ ನಮ್ಮದೂ ಫ್ಯಾನಿನ ಕತೆಯೇ ಆಗುತ್ತಿತ್ತು. ಗಿರಾಕಿಗೆ ತೂತಿಲ್ಲದ ಪಿನ್ನು ಹೋಗುವುದು ನಿಂತಿತು, ನಮ್ಮಲ್ಲಿ ಹುಟ್ಟುವುದು ನಿಂತಿರಲಿಲ್ಲ. ಪೋಣಿಸುವಾಗ ಸಿಕ್ಕ ಕೆಟ್ಟ ಪಿನ್ನುಗಳನ್ನು ಒಂದು ಬಣ್ಣದ ಡಬ್ಬಕ್ಕೆ ಹಾಕಿ, ಅವು ಕೊರೆಯಲಾದ ಗಂಟೆಯನ್ನು ಡಬ್ಬದ ಮೇಲೆ ಸೀಮೆಸುಣ್ಣದಲ್ಲಿ ಬರೆಯಲು ಹೇಳಿದೆ. ಒಂದು ವಾರದಲ್ಲಿ ನಕ್ಷೆ ಮೂಡಿತು. ಕೆಟ್ಟವು ಒಂಟಿಯಾಗಿ ಬರುತ್ತಿರಲಿಲ್ಲ, ಐದಾರರ ಗುಂಪಾಗಿ ಬರುತ್ತಿದ್ದವು, ಅದೂ ಶಿಫ್ಟ್ ಮುಗಿಯುವ ಹೊತ್ತಿಗೆ. ಆ ಹೊತ್ತಿಗೆ ಶೆಡ್ಡಿನಲ್ಲಿ ಏನು ನಡೆಯುತ್ತದೆ? ಎಲ್ಲರೂ ಏರ್ ಗನ್ ಹಿಡಿದು ಯಂತ್ರಗಳ ಮೇಲಿನ ಚೂರುಗಳನ್ನು ಊದುತ್ತಾರೆ.

ನಮ್ಮ ಡ್ರಿಲ್ ಗಾಳಿಯ ಒತ್ತಡದಿಂದ ಕೆಳಗಿಳಿಯುವಂಥದ್ದು. ಲೈನಿನಲ್ಲಿ 6 ಬಾರ್ ಇರಬೇಕಾದ ಒತ್ತಡ ಆ ಹತ್ತು ನಿಮಿಷ ನಾಲ್ಕೂವರೆಗೆ ಇಳಿಯುತ್ತಿತ್ತು. ಡ್ರಿಲ್ ನಿಧಾನವಾಗಿ ಇಳಿದು, ಪೂರ್ತಿ ಕೊರೆಯುವ ಮೊದಲೇ ಮೇಲೆ ಎದ್ದುಬಿಡುತ್ತಿತ್ತು. ಮೊದಲೇ ಏಕೆ ಎದ್ದಿತು? ಅದು ಆಳ ನೋಡಿ ಏಳುತ್ತಿರಲಿಲ್ಲ, ಹೊತ್ತು ನೋಡಿ ಏಳುತ್ತಿತ್ತು. ಡ್ರಿಲ್ ತಳ ಮುಟ್ಟಿದ್ದನ್ನು ಗುರುತಿಸಲು ಯಂತ್ರದೊಂದಿಗೆ ಬಂದಿದ್ದ ಲಿಮಿಟ್ ಸ್ವಿಚ್ ನಾಲ್ಕು ವರ್ಷಗಳ ಹಿಂದೆ ಒಡೆದಾಗ, ಹೊಸದು ಬರುವವರೆಗೆ ಇರಲಿ ಎಂದು ಗುಜರಿಯಿಂದ ಒಂದು ಟೈಮರ್ ತಂದು ಕೂರಿಸಿದ್ದರು. 'ಇಷ್ಟು ಸೆಕೆಂಡ್ ಇಳಿ, ಆಮೇಲೆ ಏಳು.' ಚೆನ್ನಾಗಿ ಓಡಿತು, ಹೊಸ ಸ್ವಿಚ್ ಯಾರೂ ತರಿಸಲಿಲ್ಲ. ಆ ಟೈಮರ್ ಕೂರಿಸಿದವನು ನಾನೇ. ಅಂದು ಮಾಲೀಕರು ನನ್ನ ಬೆನ್ನು ತಟ್ಟಿದ್ದರು.

ನೋಡಿ, ಜುಗಾಡ್, ಅಂದರೆ ಇದ್ದುದರಲ್ಲೇ ಮಾಡಿದ ಉಪಾಯ, ಎಂದು ನಾವು ಹೆಮ್ಮೆಪಡುವುದರಲ್ಲಿ ಎರಡು ಬಗೆ. ಪೋಣಿಸುವ ರಾಡು ತಪ್ಪನ್ನು ಕೈಗೆ ತಂದು ಕೊಡುತ್ತದೆ. ನನ್ನ ಟೈಮರ್ ತಪ್ಪನ್ನು ಮುಚ್ಚಿಟ್ಟಿತು. ಜಪಾನಿನ ಸಕೀಚಿ ಟೊಯೋಡಾ 1924ರಲ್ಲಿ ಮಾಡಿದ ಮಗ್ಗ ನೂಲು ಹರಿದೊಡನೆ ತಾನೇ ನಿಲ್ಲುತ್ತಿತ್ತು. ನಾನು ಮಾಡಿದ್ದು ಅದಕ್ಕೆ ನೇರ ವಿರುದ್ಧ: ಕೆಲಸ ಆಗದಿದ್ದರೂ ಆದಂತೆ ನಟಿಸುವ ಯಂತ್ರ. ಪವರ್ ಪ್ರೆಸ್ಸಿನಲ್ಲಿ ಎರಡೂ ಕೈ ಅಪಾಯದಿಂದ ದೂರವಿರಲೆಂದು ಇಟ್ಟ ಎರಡು ಬಟನ್ನುಗಳಲ್ಲಿ ಒಂದನ್ನು ತಂತಿಯಿಂದ ಕಟ್ಟಿ ಇನ್ನೊಂದರಿಂದಲೇ ಓಡಿಸುವುದನ್ನೂ ಕೆಲವರು ಜಾಣತನ ಎನ್ನುತ್ತಾರೆ. ನನ್ನ ಜತೆ ಐಟಿಐ ಓದಿದವನೊಬ್ಬ ಹಾಗೆ ಕಟ್ಟಿದ ಪ್ರೆಸ್ಸಿನಲ್ಲಿ ಎರಡು ಬೆರಳು ಕಳೆದುಕೊಂಡ. ಅದರ ಬಗ್ಗೆ ಇಷ್ಟೇ ಸಾಕು.

ಉಳಿದದ್ದು ಒತ್ತಡದ ಪ್ರಶ್ನೆ. ಮಾಲೀಕರು ದೊಡ್ಡ ಕಂಪ್ರೆಸರ್ ನೋಡಲು ಹೊರಟರು. ಒಂದು ದಿನ ಸಮಯ ಕೊಡಿ ಎಂದೆ. ಊಟದ ಹೊತ್ತಿನಲ್ಲಿ ಎಲ್ಲ ಯಂತ್ರಗಳನ್ನೂ ನಿಲ್ಲಿಸಿ, ಕಂಪ್ರೆಸರ್ ಮಾತ್ರ ಬಿಟ್ಟು, ವಾಚು ಹಿಡಿದು ನಿಂತೆ. ಯಾರೂ ಗಾಳಿ ಬಳಸುತ್ತಿಲ್ಲ, ಆದರೂ ಅದು 40 ಸೆಕೆಂಡ್ ದುಡಿಯುತ್ತಿತ್ತು, 80 ಸೆಕೆಂಡ್ ಸುಮ್ಮನಿರುತ್ತಿತ್ತು, ಮತ್ತೆ 40 ದುಡಿಯುತ್ತಿತ್ತು. ಅಂದರೆ ಕಂಪ್ರೆಸರ್ ಕೊಡಬಲ್ಲ ಗಾಳಿಯಲ್ಲಿ ಮೂರರಲ್ಲಿ ಒಂದು ಪಾಲು ಸೋರಿ ಹೋಗುತ್ತಿದೆ. ಈ ಲೆಕ್ಕಕ್ಕೆ ಯಾವ ಮೀಟರೂ ಬೇಡ, ನೀವೂ ಮಾಡಿ ನೋಡಬಹುದು. 7 ಬಾರ್ ಒತ್ತಡದ ಲೈನಿನಲ್ಲಿ 3 ಮಿಲಿಮೀಟರಿನ ಒಂದು ತೂತಿದ್ದರೆ ಸುಮಾರು 3 ಕಿಲೋವ್ಯಾಟ್ ವಿದ್ಯುತ್ ಗಾಳಿಗೆ ಹೋದಂತೆ. ಎರಡು ಶಿಫ್ಟಿನ ಶೆಡ್ಡಿನಲ್ಲಿ ತಿಂಗಳಿಗೆ ಸುಮಾರು 1,200 ಯೂನಿಟ್. ಇಂಥ ತೂತು ಗದ್ದಲದಲ್ಲಿ ಕೇಳಿಸುವುದಿಲ್ಲ, ಎಣ್ಣೆ ಸೋರಿದಂತೆ ನೆಲಕ್ಕೆ ಬಿದ್ದು ಕಾಣುವುದೂ ಇಲ್ಲ.

ಅದನ್ನು ಹುಡುಕಲು ನಾನು ಬಳಸಿದ್ದು ಒಂದು ಮಗ್ ಸೋಪಿನ ನೀರು ಮತ್ತು ಹಳೆಯ ಬಣ್ಣದ ಬ್ರಷ್. ಪ್ರತಿ ಜೋಡಣೆಗೂ ಹಚ್ಚುತ್ತ ಹೋದೆ, ಗುಳ್ಳೆ ಎದ್ದ ಕಡೆ ಗುರುತು ಹಾಕಿದೆ. ಹದಿನೇಳು ಕಡೆ ಗುಳ್ಳೆ. ಬಹುಪಾಲು ಹೋಸ್ ಕ್ಲಾಂಪ್ ಸಡಿಲವಾದದ್ದು, ಕೆಲವು ಒಣಗಿ ಬಿರಿದ ರಬ್ಬರ್ ಸೀಲು, ಒಂದು ಕಡೆ ಯಾರೋ ಹೋಸಿನ ಸೀಳಿಗೆ ಸೈಕಲ್ ಟ್ಯೂಬ್ ಸುತ್ತಿದ್ದರು. ಎರಡು ಭಾನುವಾರಗಳ ಕೆಲಸ. ಆಮೇಲೆ ಊಟದ ಹೊತ್ತಿನಲ್ಲಿ ಕಂಪ್ರೆಸರ್ ಹೆಚ್ಚು ಹೊತ್ತು ಸುಮ್ಮನಿರುವುದನ್ನು ಕೇಳುತ್ತ ಬುತ್ತಿ ಉಣ್ಣುವುದೇ ಒಂದು ಸುಖವಾಯಿತು. ಹೊಸ ಕಂಪ್ರೆಸರ್ ಮಾತು ನಿಂತಿತು.

ಲಿಮಿಟ್ ಸ್ವಿಚ್ಚನ್ನು ಮಾತ್ರ ದುಡ್ಡು ಕೊಟ್ಟು ಹೊಸದೇ ತರಿಸಿದೆ. ಈಗ ಡ್ರಿಲ್ ತಳ ಮುಟ್ಟದಿದ್ದರೆ ಮೇಲೆ ಏಳುವುದಿಲ್ಲ, ಅಲ್ಲೇ ನಿಂತು ಕೆಂಪು ದೀಪ ಹತ್ತಿಸುತ್ತದೆ. ಬಣ್ಣದ ಡಬ್ಬದಲ್ಲಿ ಪಿನ್ನು ಬೀಳುವುದು ಬಹಳ ಅಪರೂಪ, ಆದರೂ ಪೋಣಿಸುವುದನ್ನು ಬಿಟ್ಟಿಲ್ಲ. ಆ ಅಕ್ಕ ಬಿಡಲು ಒಪ್ಪುವುದೂ ಇಲ್ಲ, ಎಣಿಸುವ ಕೆಲಸ ಮತ್ತೆ ಯಾರಿಗೆ ಬೇಕು ಎನ್ನುತ್ತಾರೆ. ನನ್ನ ಹಳೆಯ ಟೈಮರ್ ಈಗ ಶೆಡ್ಡಿನ ಮೇಲಿನ ನೀರಿನ ಟ್ಯಾಂಕಿನ ಪಂಪಿಗೆ ಇದೆ. ಹೆಚ್ಚಾದರೆ ನೀರು ಚೆಲ್ಲುತ್ತದೆ, ಕಮ್ಮಿಯಾದರೆ ಯಾರಾದರೂ ಕೂಗುತ್ತಾರೆ.